ವಿಚಾರಗಳಿಗೊಂದು ನಕ್ಷೆ

ಮಾತು ಸಾಲಾಗಿ ಹರಿಯುತ್ತದೆ. ಬರಹವೂ ಸಾಲಾಗಿಯೇ ಸಾಗುತ್ತದೆ. ಒಂದು ಪದವಾದ ಮೇಲೆ ಇನ್ನೊಂದು ಪದ, ಒಂದು ವಾಕ್ಯವಾದ ಮೇಲೆ ಇನ್ನೊಂದು ವಾಕ್ಯ - ಹೀಗಲ್ಲದೆ ಬೇರೆ ರೀತಿಯಲ್ಲಿ ನಾವು ಮಾತನಾಡಲಾರೆವು, ಬರೆಯಲಾರೆವು. ಆದರೆ ನಮ್ಮ ಮನಸ್ಸಿನಲ್ಲಿ ವಿಚಾರಗಳು ಹೀಗೆ ಸಾಲುಗಟ್ಟಿ ನಿಂತಿರುವುದಿಲ್ಲ. ‘ಮುಂಗಾರು’ ಎಂಬ ಪದವನ್ನು ಕೇಳಿದೊಡನೆಯೇ ಕಾದ ನೆಲ, ಅರಬ್ಬೀ ಸಮುದ್ರ, ಪಶ್ಚಿಮ ಘಟ್ಟ, ಮೋಡ, ಬಿತ್ತನೆ, ತುಂಬಿ ಹರಿಯುವ ಹೊಳೆ - ಇವೆಲ್ಲವೂ ಒಮ್ಮೆಗೇ ಮನಸ್ಸಿನಲ್ಲಿ ಮೇಲೇಳುತ್ತವೆ. ಇವುಗಳಲ್ಲಿ ಮೊದಲನೆಯದು ಯಾವುದು, ಕೊನೆಯದು ಯಾವುದು ಎಂದು ಯಾರೂ ಸುಲಭವಾಗಿ ಹೇಳಲಾರರು.

ಪಾಠವನ್ನು ಚೆನ್ನಾಗಿ ಓದಿದ ವಿದ್ಯಾರ್ಥಿಯೂ ಉತ್ತರವನ್ನು ಬರೆಯಲು ಕುಳಿತಾಗ ತಡವರಿಸುವುದಕ್ಕೆ ಇದೇ ಒಂದು ಮುಖ್ಯ ಕಾರಣ. ಅವನಿಗೆ ವಿಷಯ ತಿಳಿಯದು ಎಂದಲ್ಲ. ಬಲೆಯ ಹಾಗೆ ಹೆಣೆದುಕೊಂಡಿರುವ ವಿಷಯವನ್ನು ಸಾಲಿನ ಹಾಗೆ ಬಿಡಿಸಿ ಹೇಳಬೇಕಾಗಿದೆ. ಯಾವ ಎಳೆಯನ್ನು ಮೊದಲು ಎಳೆಯಬೇಕೆಂಬುದು ತಿಳಿಯದು. ಆ ಬಲೆಯನ್ನು ಒಮ್ಮೆ ಕಣ್ಣೆದುರಿಗೆ ಹರಡಿಕೊಂಡು ನೋಡಲು ಸಾಧ್ಯವಾದರೆ ಎಳೆಯ ತುದಿ ತಾನಾಗಿಯೇ ಕಾಣಿಸುತ್ತದೆ. ಈ ಕೆಲಸಕ್ಕೆಂದೇ ಇಂದು ಗಣಕಯಂತ್ರದಲ್ಲಿಯೂ ಕೈಯಲ್ಲಿರುವ ದೂರವಾಣಿಯಲ್ಲಿಯೂ ಬಳಸಬಹುದಾದ ಅನೇಕ ತಂತ್ರಾಂಶಗಳಿವೆ. ಅವುಗಳ ಹಿಂದಿರುವ ತತ್ತ್ವವೇನು, ಅವು ಹೇಗೆ ಕೆಲಸಮಾಡುತ್ತವೆ, ನಮಗೆ ಬೇಕಾದ ಸರಳವಾದುದನ್ನು ಆರಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮನಸ್ಸಿನ ಅಂಗೈ ಎಷ್ಟು ಅಗಲ?

ನಮ್ಮ ಸ್ಮರಣಶಕ್ತಿಯಲ್ಲಿ ಎರಡು ಬಗೆಯುಂಟು. ಬಾಲ್ಯದಲ್ಲಿ ಕಲಿತ ಮಗ್ಗಿ, ಊರಿನ ಬೀದಿಗಳು, ಬಂಧುಗಳ ಮುಖಗಳು - ಇವೆಲ್ಲ ವರ್ಷಗಟ್ಟಲೆ ಉಳಿಯುವ ದೀರ್ಘಸ್ಮೃತಿಗೆ ಸೇರಿದುವು. ಅದೊಂದು ದೊಡ್ಡ ಉಗ್ರಾಣ. ಆದರೆ ಒಂದು ಸಮಸ್ಯೆಯನ್ನು ಬಿಡಿಸುತ್ತಿರುವಾಗ ಆ ಕ್ಷಣಕ್ಕೆ ಬೇಕಾದ ಸಂಗತಿಗಳನ್ನು ನಾವು ಹಿಡಿದುಕೊಳ್ಳುವುದು ಬೇರೊಂದು ಕಡೆ. ಅದನ್ನು ಮನಸ್ಸಿನ ಅಂಗೈ ಎನ್ನಬಹುದು. ಈ ಅಂಗೈ ಬಹಳ ಚಿಕ್ಕದು. ೧೯೫೬ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಪ್ರಕಟಿಸಿದ ಒಂದು ಪ್ರಸಿದ್ಧ ಪ್ರಬಂಧದಲ್ಲಿ, ಮನುಷ್ಯನು ಒಂದು ಬಾರಿಗೆ ಸುಮಾರು ಏಳು ಬಿಡಿ ಸಂಗತಿಗಳನ್ನು ಮಾತ್ರ ಹೀಗೆ ಹಿಡಿದಿಟ್ಟುಕೊಳ್ಳಬಲ್ಲನೆಂದು ತೋರಿಸಿದನು. ಮುಂದೆ ೨೦೦೧ರಲ್ಲಿ ನೆಲ್ಸನ್ ಕೋವನ್ ಎಂಬ ವಿದ್ವಾಂಸನು ಅನೇಕ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಒಳಗೊಳಗೇ ಪುನರುಚ್ಚರಿಸುವುದು, ಗುಂಪುಗೂಡಿಸುವುದು ಮೊದಲಾದ ಉಪಾಯಗಳಿಗೆ ಎಡೆಗೊಡದಿದ್ದರೆ ಈ ಸಂಖ್ಯೆ ನಾಲ್ಕರ ಆಸುಪಾಸಿಗೆ ಇಳಿಯುವುದೆಂದು ವಾದಿಸಿದನು.

ಹೀಗಿರುವಲ್ಲಿ, ಹತ್ತು ಹನ್ನೆರಡು ಅಂಶಗಳುಳ್ಳ ಒಂದು ವಿಷಯವನ್ನು ಇಡಿಯಾಗಿ ಮನಸ್ಸಿನಲ್ಲಿಯೇ ಹಿಡಿದು ಜೋಡಿಸಲು ಹೊರಟರೆ ಏನಾಗುತ್ತದೆ? ಹೊಸದೊಂದನ್ನು ಎತ್ತಿಕೊಂಡಾಗ ಹಳೆಯದೊಂದು ಕೈಜಾರುತ್ತದೆ. ಅಂಗೈಯಲ್ಲಿ ಹಿಡಿಸದ ಕಾಳನ್ನು ಮೊರದಲ್ಲಿ ಹರಡುವಂತೆ, ಮನಸ್ಸಿನಲ್ಲಿ ಹಿಡಿಸದ ವಿಚಾರಗಳನ್ನು ಹೊರಗೆ ಹರಡಿಕೊಳ್ಳುವುದೇ ಇದಕ್ಕೆ ಉಪಾಯ. ಕಣ್ಣು ಒಂದೇ ನೋಟದಲ್ಲಿ ಹತ್ತಿರವಿರುವುದು ಯಾವುದು, ದೂರವಿರುವುದು ಯಾವುದು, ಯಾವುದಕ್ಕೆ ಯಾವುದು ಜೋಡಿಯಾಗಿದೆ ಎಂಬುದನ್ನು ಗ್ರಹಿಸಬಲ್ಲದು. ಹಿಡಿದಿಟ್ಟುಕೊಳ್ಳುವ ಹೊರೆಯನ್ನು ಹಾಳೆಗೆ ವಹಿಸಿದರೆ ಮನಸ್ಸು ಯೋಚಿಸುವ ಕೆಲಸಕ್ಕೆ ಬಿಡುವಾಗುತ್ತದೆ.

ಹಳೆಯ ದಾರಿಗಳು

ಈ ಉಪಾಯವು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಮೂರನೆಯ ಶತಮಾನದ ತತ್ತ್ವಜ್ಞನಾದ ಪೋರ್ಫಿರಿಯು ಅರಿಸ್ಟಾಟಲನ ತರ್ಕಕ್ಕೆ ಬರೆದ ಪೀಠಿಕೆಯನ್ನು ಆಧರಿಸಿ, ಮಧ್ಯಯುಗದ ಯುರೋಪಿನ ಪಂಡಿತರು ದ್ರವ್ಯ, ಶರೀರ, ಜೀವಿ, ಪ್ರಾಣಿ, ಮನುಷ್ಯ ಎಂಬ ವಿಭಾಗಗಳನ್ನು ಮರದ ರೂಪದಲ್ಲಿ ಚಿತ್ರಿಸುತ್ತಿದ್ದರು. ೧೮೩೭ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಟಿಪ್ಪಣಿ ಪುಸ್ತಕವೊಂದರಲ್ಲಿ ಕವಲೊಡೆಯುವ ಒಂದು ಸಣ್ಣ ಗೀಚುಚಿತ್ರವನ್ನು ಬರೆದನು. ಒಂದೇ ಮೂಲದಿಂದ ಹಲವು ಜೀವಜಾತಿಗಳು ಕವಲೊಡೆದು ಬಂದಿರಬೇಕೆಂಬ ಮಹಾವಿಚಾರವು ಗ್ರಂಥವಾಗಿ ಹೊರಬಂದುದು ಇಪ್ಪತ್ತೆರಡು ವರ್ಷಗಳ ತರುವಾಯ, ೧೮೫೯ರಲ್ಲಿ; ಚಿತ್ರ ಮೊದಲು ಬಂದಿತು, ಗ್ರಂಥ ಅನಂತರ ಬಂದಿತು.

ಜಪಾನಿನ ಮಾನವಶಾಸ್ತ್ರಜ್ಞ ಜಿರೋ ಕವಾಕಿತಾ ನೇಪಾಳದ ಹಳ್ಳಿಗಳಲ್ಲಿ ಸಂಶೋಧನೆ ನಡೆಸಿದವನು. ಕ್ಷೇತ್ರಕಾರ್ಯದಲ್ಲಿ ರಾಶಿರಾಶಿಯಾಗಿ ದೊರೆಯುವ ಸಂಗತಿಗಳಿಗೆ ಕ್ರಮವನ್ನು ಕಾಣುವುದಕ್ಕಾಗಿ ಅವನು ಒಂದು ವಿಧಾನವನ್ನು ರೂಪಿಸಿ ೧೯೬೭ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಒಂದೊಂದು ಸಂಗತಿಯನ್ನು ಒಂದೊಂದು ಚೀಟಿಯಲ್ಲಿ ಬರೆಯುವುದು. ಚೀಟಿಗಳನ್ನೆಲ್ಲ ಹರಡಿ, ಒಂದಕ್ಕೊಂದು ಒಗ್ಗುವುವನ್ನು ಹತ್ತಿರ ಹತ್ತಿರ ಇಡುವುದು. ಗುಂಪು ಗೂಡಿದ ಮೇಲೆಯೇ ಗುಂಪಿಗೆ ಹೆಸರಿಡುವುದು - ಇದು ಆ ವಿಧಾನದ ಸಾರ. ಹೆಸರುಗಳನ್ನು ಮೊದಲೇ ನಿರ್ಧರಿಸಿ ಸಂಗತಿಗಳನ್ನು ಅವುಗಳೊಳಗೆ ತುರುಕಬಾರದೆಂಬುದು ಅದರ ಮುಖ್ಯ ನಿಯಮ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಅವನ ಸಂಗಡಿಗರು ಮಕ್ಕಳಲ್ಲಿ ವಿಜ್ಞಾನದ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯುತ್ತದೆಂಬುದನ್ನು ಪರಿಶೀಲಿಸುತ್ತಿದ್ದರು. ಮಕ್ಕಳೊಡನೆ ನಡೆಸಿದ ಸಂಭಾಷಣೆಗಳ ಬರಹ ಬೆಟ್ಟದಷ್ಟಾಯಿತು. ಅದರಲ್ಲಿ ತಿಳಿವಳಿಕೆಯ ಬದಲಾವಣೆಯನ್ನು ಗುರುತಿಸುವುದು ಕಷ್ಟವಾಯಿತು. ಆಗ, ೧೯೭೨ರಲ್ಲಿ, ಅವರು ರೂಪಿಸಿದ ಸಾಧನವೇ ಪರಿಕಲ್ಪನಾ ನಕ್ಷೆ. ೧೯೭೪ರಲ್ಲಿ ಇಂಗ್ಲೆಂಡಿನ ಟೋನಿ ಬುಜಾನ್ ಬಿ.ಬಿ.ಸಿ. ದೂರದರ್ಶನದ ಉಪನ್ಯಾಸಮಾಲೆಯ ಮೂಲಕ, ನಡುವೆ ಒಂದು ವಿಷಯವನ್ನಿಟ್ಟು ಸುತ್ತಲೂ ಬಣ್ಣದ ಕೊಂಬೆಗಳನ್ನು ಬಿಡಿಸುವ ಮನೋನಕ್ಷೆಯನ್ನು ಜನಪ್ರಿಯಗೊಳಿಸಿದನು.

ಇದೇ ವಿಚಾರವನ್ನು ಯಂತ್ರಕ್ಕೆ ತಂದವರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅಗ್ರಗಣ್ಯನು. ೧೯೬೮ರ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅವನು ನಡೆಸಿದ ಪ್ರಾತ್ಯಕ್ಷಿಕೆಯಲ್ಲಿ, ಅಂಗಡಿಯಿಂದ ತರಬೇಕಾದ ಸಾಮಾನುಗಳ ಪಟ್ಟಿಯನ್ನು ತೆರೆಯ ಮೇಲೆ ಗುಂಪುಗುಂಪಾಗಿ ವಿಂಗಡಿಸಿ, ಬೇಕಾದಾಗ ಬಿಚ್ಚಿ, ಬೇಡವಾದಾಗ ಮಡಿಚಿ ತೋರಿಸಿದನು. ಇಂದು ನಾವು ಮೌಸ್ ಎಂದು ಕರೆಯುವ ಸಾಧನವನ್ನು ಸಾರ್ವಜನಿಕರು ಮೊದಲು ಕಂಡುದೂ ಆ ದಿನವೇ.

ಮರ ಮತ್ತು ಬಲೆ

ವಿಚಾರಗಳನ್ನು ಜೋಡಿಸುವ ಚಿತ್ರಗಳು ಮೇಲ್ನೋಟಕ್ಕೆ ನೂರು ಬಗೆಯಾಗಿ ಕಂಡರೂ ಅವುಗಳ ಮೂಲರೂಪಗಳು ಎರಡೇ: ಮರ ಮತ್ತು ಬಲೆ. ಗಣಿತದಲ್ಲಿ ಇವೆರಡರ ಅಧ್ಯಯನವೂ ಗ್ರಾಫ್ ಸಿದ್ಧಾಂತಕ್ಕೆ ಸೇರಿದೆ. ೧೭೩೬ರಲ್ಲಿ ಆಯ್ಲರನು ಕ್ಯೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದಾಗ ಹುಟ್ಟಿದ ಶಾಸ್ತ್ರವಿದು. ನೆಲದ ಆಕಾರ, ದೂರ, ಅಳತೆಗಳನ್ನೆಲ್ಲ ಬಿಟ್ಟು ಬಿಂದುಗಳು ಮತ್ತು ಅವುಗಳನ್ನು ಕೂಡಿಸುವ ಗೆರೆಗಳು ಇಷ್ಟನ್ನೇ ಉಳಿಸಿಕೊಂಡು ಯೋಚಿಸುವುದು ಇದರ ವೈಶಿಷ್ಟ್ಯ.

ಮುಂಗಾರಿನ ಪಾಠದಿಂದ ಹತ್ತು ಅಂಶಗಳನ್ನು ಆರಿಸಿಕೊಳ್ಳೋಣ: ಸೂರ್ಯನ ತಾಪ, ನೆಲ, ಸಮುದ್ರ, ಕಡಿಮೆ ಒತ್ತಡ, ಗಾಳಿ, ನೀರಾವಿ, ಪಶ್ಚಿಮ ಘಟ್ಟ, ಮೋಡ, ಸುಪ್ತೋಷ್ಣ, ಮಳೆ. ಇವನ್ನು ಮರವಾಗಿ ಜೋಡಿಸಿದರೆ ಬೇರಿನ ಸ್ಥಾನದಲ್ಲಿರುವ ಒಂದನ್ನು ಬಿಟ್ಟು ಉಳಿದ ಪ್ರತಿಯೊಂದಕ್ಕೂ ಒಂದೇ ತಾಯಿಕೊಂಬೆ ಇರುತ್ತದೆ. ಆದುದರಿಂದ ಹತ್ತು ಅಂಶಗಳಿಗೆ ಸರಿಯಾಗಿ ಒಂಬತ್ತು ಗೆರೆಗಳು. ಬಲೆಯಲ್ಲಿ ಈ ನಿರ್ಬಂಧವಿಲ್ಲ. ಯಾವುದನ್ನು ಯಾವುದಕ್ಕೆ ಬೇಕಾದರೂ ಕೂಡಿಸಬಹುದು. ಹತ್ತು ಅಂಶಗಳ ನಡುವೆ ೪೫ ಗೆರೆಗಳೂ, ಇಪ್ಪತ್ತು ಅಂಶಗಳ ನಡುವೆ ೧೯೦ ಗೆರೆಗಳೂ ಸಾಧ್ಯ.

ಮರವು ಸುಲಭ, ಅಚ್ಚುಕಟ್ಟು. ಪಾಠದ ವಿಭಾಗಗಳನ್ನು ಜ್ಞಾಪಕದಲ್ಲಿಡಲು, ಪ್ರಬಂಧದ ರೂಪರೇಖೆಯನ್ನು ಹಾಕಿಕೊಳ್ಳಲು ಅದು ಸಾಕು. ಆದರೆ ಅದಕ್ಕೊಂದು ಕೊರತೆಯುಂಟು. ಬೇಸಗೆಯಲ್ಲಿ ನೆಲವು ಸಮುದ್ರಕ್ಕಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಸಮುದ್ರದ ಕಡೆಯಿಂದ ನೀರಾವಿ ತುಂಬಿದ ಗಾಳಿ ಬೀಸುತ್ತದೆ. ಘಟ್ಟವನ್ನೇರುವಾಗ ಆ ಗಾಳಿ ತಣ್ಣಗಾಗಿ ಮೋಡ ಕಟ್ಟಿ ಮಳೆ ಸುರಿಯುತ್ತದೆ. ಇಲ್ಲಿಯವರೆಗೆ ಕಥೆ ನೇರವಾಗಿದೆ. ಆದರೆ ನೀರಾವಿಯು ಹನಿಯಾಗುವಾಗ ತನ್ನಲ್ಲಿ ಅಡಗಿದ್ದ ಸುಪ್ತೋಷ್ಣವನ್ನು ಹೊರಬಿಡುತ್ತದೆ. ಆ ಶಾಖದಿಂದ ಗಾಳಿ ಮತ್ತಷ್ಟು ಮೇಲೇರುತ್ತದೆ. ಒತ್ತಡ ಮತ್ತಷ್ಟು ಇಳಿಯುತ್ತದೆ. ಇನ್ನಷ್ಟು ತೇವದ ಗಾಳಿಯನ್ನು ಸಮುದ್ರದಿಂದ ಸೆಳೆಯುತ್ತದೆ. ಪರಿಣಾಮವೇ ತಿರುಗಿ ಕಾರಣವನ್ನು ಬಲಪಡಿಸುತ್ತದೆ! ಈ ಸುತ್ತನ್ನು ಮರದಲ್ಲಿ ತೋರಿಸುವುದು ಅಸಾಧ್ಯ, ಏಕೆಂದರೆ ಮರದ ಕೊಂಬೆ ಎಂದಿಗೂ ತನ್ನ ಬೇರಿಗೆ ಮರಳಿ ಬಂದು ಸೇರುವುದಿಲ್ಲ. ಬಲೆಯಲ್ಲಾದರೋ ಮೋಡದಿಂದ ಸುಪ್ತೋಷ್ಣಕ್ಕೆ, ಸುಪ್ತೋಷ್ಣದಿಂದ ಕಡಿಮೆ ಒತ್ತಡಕ್ಕೆ ಎರಡು ಬಾಣಗಳನ್ನು ಎಳೆದರೆ ಮುಗಿಯಿತು.

ನೊವಾಕನ ಪರಿಕಲ್ಪನಾ ನಕ್ಷೆಯಲ್ಲಿ ಇನ್ನೊಂದು ಮುಖ್ಯ ನಿಯಮವಿದೆ. ಪ್ರತಿಯೊಂದು ಗೆರೆಯ ಮೇಲೂ ಸಂಬಂಧವನ್ನು ಸೂಚಿಸುವ ಪದವನ್ನು ಬರೆಯಲೇಬೇಕು. ‘ನೀರಾವಿ’ ಮತ್ತು ‘ಮೋಡ’ ಎಂಬ ಎರಡು ಪೆಟ್ಟಿಗೆಗಳ ನಡುವೆ ಬರಿಯ ಗೆರೆಯನ್ನೆಳೆದರೆ ನಮಗೆ ಏನು ತಿಳಿದಿದೆಯೆಂಬುದು ಯಾರಿಗೂ ಗೊತ್ತಾಗದು. ಗೆರೆಯ ಮೇಲೆ ‘ತಣ್ಣಗಾಗಿ ಆಗುವುದು’ ಎಂದು ಬರೆದಾಗ ಅದೊಂದು ಪೂರ್ಣ ಹೇಳಿಕೆಯಾಗುತ್ತದೆ. ಸರಿಯೋ ತಪ್ಪೋ ಪರೀಕ್ಷಿಸಬಹುದು. ಗೆರೆಯನ್ನೆಳೆದು ಅದರ ಮೇಲೆ ಏನು ಬರೆಯಬೇಕೆಂಬುದು ಹೊಳೆಯದಿದ್ದರೆ, ನಮ್ಮ ತಿಳಿವಳಿಕೆಯಲ್ಲಿ ಬಿರುಕಿರುವ ಜಾಗ ಅದೇ ಎಂದು ತಿಳಿಯಬೇಕು.

ಯಂತ್ರದ ಒಳಗೆ

ತೆರೆಯ ಮೇಲೆ ಬಣ್ಣಬಣ್ಣವಾಗಿ ಕಾಣುವ ಈ ಚಿತ್ರಗಳು ಯಂತ್ರದೊಳಗೆ ಬಹು ಸಾಮಾನ್ಯವಾದ ಎರಡು ಪಟ್ಟಿಗಳಾಗಿರುತ್ತವೆ. ಮೊದಲನೆಯದು ಅಂಶಗಳ ಪಟ್ಟಿ. ಎರಡನೆಯದು ಯಾವ ಅಂಶಕ್ಕೆ ಯಾವ ಅಂಶ ಜೋಡಿಯೆಂಬುದರ ಪಟ್ಟಿ. ಈ ಪಟ್ಟಿಗಳಿಂದ ಅಂದವಾದ ಚಿತ್ರವನ್ನು ತಯಾರಿಸುವುದೇ ತಂತ್ರಾಂಶದ ಚಮತ್ಕಾರ.

ಮರವನ್ನು ಬಿಡಿಸುವ ಕ್ರಮ ಹೀಗಿದೆ. ಮೊದಲು ತುದಿಯ ಎಲೆಗಳಿಂದ ಆರಂಭಿಸಿ ಒಂದೊಂದು ಸಣ್ಣ ಕೊಂಬೆಯನ್ನೂ ಪ್ರತ್ಯೇಕವಾಗಿ ಜೋಡಿಸಬೇಕು. ಆಮೇಲೆ ಅಕ್ಕಪಕ್ಕದ ಕೊಂಬೆಗಳನ್ನು ಒಂದಕ್ಕೊಂದು ತಾಗದಂತೆ ಸಾಧ್ಯವಾದಷ್ಟು ಹತ್ತಿರಕ್ಕೆ ತಂದು ತಾಯಿಕೊಂಬೆಯನ್ನು ಅವುಗಳ ನಡುಮಧ್ಯಕ್ಕೆ ಇಡಬೇಕು. ಹೀಗೆ ಬೇರನ್ನು ತಲಪುವವರೆಗೂ ಮುಂದುವರಿಯಬೇಕು. ಈ ಬಗೆಯ ಒಂದು ಸಮರ್ಥ ಕ್ರಮವನ್ನು ೧೯೮೧ರಲ್ಲಿ ರೈನ್‌ಗೋಲ್ಡ್ ಮತ್ತು ಟಿಲ್‌ಫರ್ಡ್ ಎಂಬವರು ಪ್ರಕಟಿಸಿದರು.

ಬಲೆಯನ್ನು ಬಿಡಿಸುವುದು ಇಷ್ಟು ಸುಲಭವಲ್ಲ. ೧೯೮೪ರಲ್ಲಿ ಪೀಟರ್ ಈಡ್ಸ್ ಇದಕ್ಕೆ ಭೌತಶಾಸ್ತ್ರದಿಂದ ಒಂದು ಸೊಗಸಾದ ಉಪಾಯವನ್ನು ತಂದನು. ಪ್ರತಿಯೊಂದು ಅಂಶವೂ ಒಂದು ಉಕ್ಕಿನ ಬಳೆಯೆಂದೂ, ಪ್ರತಿಯೊಂದು ಗೆರೆಯೂ ಒಂದು ಸುರುಳಿ ಸ್ಪ್ರಿಂಗ್ ಎಂದೂ ಭಾವಿಸೋಣ. ಸ್ಪ್ರಿಂಗ್‌ಗಳು ಜೋಡಿಯಾದ ಬಳೆಗಳನ್ನು ಹತ್ತಿರಕ್ಕೆ ಸೆಳೆಯುತ್ತವೆ. ಜೋಡಿಯಲ್ಲದ ಬಳೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಮೊದಲು ಹೇಗೆಂದರೆ ಹಾಗೆ ಇಟ್ಟು ಕೈಬಿಟ್ಟರೆ ಬಳೆಗಳೆಲ್ಲ ಅತ್ತಿತ್ತ ಅಲುಗಿ, ಸೆಳೆತ ತಳ್ಳಿಕೆಗಳು ಸರಿಸಮವಾದೆಡೆಯಲ್ಲಿ ನೆಲೆಗೊಳ್ಳುತ್ತವೆ. ಯಂತ್ರವು ಈ ಬಲಗಳನ್ನು ಲೆಕ್ಕಹಾಕಿ ಬಳೆಗಳನ್ನು ತುಸುತುಸುವೇ ಸರಿಸುತ್ತ ಹೋಗುತ್ತದೆ. ನಿಕಟವಾದ ವಿಚಾರಗಳು ಗುಂಪುಗೂಡಿದ ಚಿತ್ರ ತಾನಾಗಿ ಮೂಡುತ್ತದೆ. ಕೆಲವು ತಂತ್ರಾಂಶಗಳಲ್ಲಿ ಚಿತ್ರವು ನಡುಗಿ ನಡುಗಿ ನಿಲ್ಲುವುದಕ್ಕೆ ಇದೇ ಕಾರಣ.

ಆದರೆ ಯಾವ ತಂತ್ರಾಂಶವೂ ಮೀರಲಾರದ ಒಂದು ಎಲ್ಲೆಯುಂಟು. ಐದು ಬಿಂದುಗಳಲ್ಲಿ ಪ್ರತಿಯೊಂದನ್ನೂ ಉಳಿದೆಲ್ಲಕ್ಕೂ ಕೂಡಿಸಬೇಕಾದರೆ ಗೆರೆಗಳು ಒಂದನ್ನೊಂದು ದಾಟದಂತೆ ಹಾಳೆಯ ಮೇಲೆ ಬಿಡಿಸಲು ಬರುವುದಿಲ್ಲ. ಮೂರು ಮನೆಗಳನ್ನು ಮೂರು ಬಾವಿಗಳಿಗೆ ಕೂಡಿಸುವ ಹಳೆಯ ಒಗಟಿನಲ್ಲಿಯೂ ಇದೇ ಗತಿ. ಗೆರೆಗಳು ದಾಟದಂತೆ ಬಿಡಿಸಲಾಗದ ಪ್ರತಿಯೊಂದು ಬಲೆಯ ಒಳಗೂ ಈ ಎರಡು ಆಕೃತಿಗಳಲ್ಲೊಂದು ಅಡಗಿರುತ್ತದೆಂದು ಪೋಲೆಂಡಿನ ಗಣಿತಜ್ಞ ಕುರಟೋವ್‌ಸ್ಕಿಯು ೧೯೩೦ರಲ್ಲಿ ಸಾಧಿಸಿದನು. ಆದುದರಿಂದ ನಕ್ಷೆ ಸಿಕ್ಕುಸಿಕ್ಕಾಗಿ ಕಂಡರೆ ತಂತ್ರಾಂಶವನ್ನು ಬದಲಾಯಿಸುವುದಕ್ಕಿಂತ ಮುಖ್ಯವಲ್ಲದ ಗೆರೆಗಳನ್ನು ಅಳಿಸುವುದೇ ಜಾಣತನ.

ಆರಿಸಿಕೊಳ್ಳುವ ಬಗೆ

ಇನ್ನು ಆಯ್ಕೆಯ ವಿಚಾರ. ಸರಳವಾದ ತಂತ್ರಾಂಶವೆಂದರೆ ಗುಂಡಿಗಳು ಕಡಿಮೆಯಿರುವುದು ಎಂದಷ್ಟೇ ಅರ್ಥವಲ್ಲ. ಹೊಳೆದ ವಿಚಾರವು ಮರೆಯಾಗುವ ಮುನ್ನ ಅದನ್ನು ತೆರೆಯ ಮೇಲೆ ಇಡಲು ಸಾಧ್ಯವಾಗಬೇಕು. ಈ ದೃಷ್ಟಿಯಿಂದ ನಾವು ನಾಲ್ಕು ಪರೀಕ್ಷೆಗಳನ್ನು ಸೂಚಿಸುತ್ತೇವೆ.

ಮೊದಲನೆಯದು ವೇಗದ ಪರೀಕ್ಷೆ. ಕೀಲಿಮಣೆಯಿಂದ ಕೈ ತೆಗೆಯದೆ ಒಂದು ನಿಮಿಷದಲ್ಲಿ ಹತ್ತು ಅಂಶಗಳನ್ನು ಸೇರಿಸಲು ಪ್ರಯತ್ನಿಸಿ ನೋಡಬೇಕು. ಬಣ್ಣವನ್ನೂ ಆಕಾರವನ್ನೂ ಮೊದಲೇ ಕೇಳುವ ತಂತ್ರಾಂಶ ಈ ಪರೀಕ್ಷೆಯಲ್ಲಿ ಸೋಲುತ್ತದೆ.

ಎರಡನೆಯದು ಕನ್ನಡದ ಪರೀಕ್ಷೆ. ಯೂನಿಕೋಡ್ ಪದ್ಧತಿಯಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರವು ಯಂತ್ರದೊಳಗೆ ಆರು ಸಂಕೇತಗಳಾಗಿರುತ್ತದೆ. ‘ಸೂರ್ಯ’ ಎಂಬಲ್ಲಿ ರಕಾರವು ಯಕಾರಕ್ಕಿಂತ ಮೊದಲೇ ಶೇಖರವಾಗಿದ್ದರೂ ತೆರೆಯ ಮೇಲೆ ಅರ್ಕಾವತ್ತಾಗಿ ಅದರ ಅನಂತರ ಕಾಣಬೇಕು. ಸಂಕೇತಗಳನ್ನು ಹೀಗೆ ಕೂಡಿಸಿ ಆಕಾರ ಕೊಡುವ ಭಾಗವು ತಂತ್ರಾಂಶದಲ್ಲಿ ಸರಿಯಾಗಿಲ್ಲದಿದ್ದರೆ ಒತ್ತಕ್ಷರಗಳು ಕಳಚಿಕೊಂಡು ಬೀಳುತ್ತವೆ. ತೆರೆಯ ಮೇಲೆ ಸರಿಯಾಗಿದ್ದುದು ಮುದ್ರಣಕ್ಕೆಂದು ಪಿ.ಡಿ.ಎಫ್. ಮಾಡಿದಾಗ ಕೆಡುವುದೂ ಉಂಟು. ಆದುದರಿಂದ ಈ ಎರಡು ಪದಗಳನ್ನು ಬರೆದು, ಪಿ.ಡಿ.ಎಫ್. ಮಾಡಿಯೂ ನೋಡಿಯೇ ಮುಂದುವರಿಯುವುದು ಒಳ್ಳೆಯದು.

ಮೂರನೆಯದು ಬಾಗಿಲಿನ ಪರೀಕ್ಷೆ. ಒಳಗೆ ಹೋದ ನಮ್ಮ ವಿಚಾರಗಳು ಹೊರಗೆ ಬರಬಲ್ಲವೆ? ನಕ್ಷೆಯನ್ನು ಚಿತ್ರವಾಗಿ ಮಾತ್ರ ಕೊಡುವ ತಂತ್ರಾಂಶವು ನಿಂತುಹೋದರೆ, ಅಥವಾ ಅದರ ಒಡೆಯರು ಶುಲ್ಕವನ್ನು ಏರಿಸಿದರೆ, ವರ್ಷಗಳ ಟಿಪ್ಪಣಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಉಳಿದಂತೆ. ಸಾಮಾನ್ಯ ಪಠ್ಯದ ರೂಪದಲ್ಲಿ ಉಳಿಸುವ ತಂತ್ರಾಂಶವು ಈ ದೃಷ್ಟಿಯಿಂದ ಸುರಕ್ಷಿತ.

ನಾಲ್ಕನೆಯದು ಸಂಪರ್ಕದ ಪರೀಕ್ಷೆ. ಅಂತರ್ಜಾಲವಿಲ್ಲದ ಹೊತ್ತಿನಲ್ಲಿಯೂ ಅದು ತೆರೆಯಬೇಕು. ಉಚಿತವೆಂದು ಕರೆದು ಮೂರು ನಾಲ್ಕು ನಕ್ಷೆಗಳಾದ ಮೇಲೆ ಹಣ ಕೇಳುವ ಏರ್ಪಾಡುಗಳನ್ನೂ ಮೊದಲೇ ತಿಳಿದಿರಬೇಕು.

ಇವುಗಳ ಬೆಳಕಿನಲ್ಲಿ ಕೆಲವನ್ನು ಹೆಸರಿಸಬಹುದು. ಮರದ ರೂಪ ಸಾಕೆನ್ನುವವರಿಗೆ ಫ್ರೀಪ್ಲೇನ್ ಎಂಬುದಿದೆ. ಇದು ಫ್ರೀಮೈಂಡ್ ಎಂಬ ಹಳೆಯ ತಂತ್ರಾಂಶದಿಂದ ಕವಲೊಡೆದುದು, ಉಚಿತ, ಟ್ಯಾಬ್ ಕೀಲಿಯನ್ನೊತ್ತಿದರೆ ಮರಿಕೊಂಬೆ, ಎಂಟರ್ ಕೀಲಿಯನ್ನೊತ್ತಿದರೆ ಪಕ್ಕದ ಕೊಂಬೆ ಹುಟ್ಟುತ್ತದೆ, ಕಡತವು ಪಠ್ಯರೂಪದಲ್ಲಿರುತ್ತದೆ. ಪರಿಕಲ್ಪನಾ ನಕ್ಷೆಗೆ ಸೀಮ್ಯಾಪ್ ಟೂಲ್ಸ್ ತಕ್ಕುದು. ಅಮೆರಿಕದ ಫ್ಲಾರಿಡಾದ ಒಂದು ಸಂಶೋಧನ ಸಂಸ್ಥೆಯಲ್ಲಿ ನೊವಾಕನ ವಿಚಾರಗಳನ್ನು ಆಧರಿಸಿಯೇ ರೂಪಿಸಿದುದಾದುದರಿಂದ, ಗೆರೆಯನ್ನೆಳೆದ ಕೂಡಲೇ ಸಂಬಂಧದ ಪದಕ್ಕೆ ಜಾಗವನ್ನು ಅದು ತಾನಾಗಿ ತೋರಿಸುತ್ತದೆ. ಕವಾಕಿತಾನ ಚೀಟಿಗಳ ಹಾಗೆ ಬೇಕಾದಲ್ಲಿ ಇಟ್ಟು ಸರಿಸಾಡಬೇಕೆನ್ನುವವರಿಗೆ ಎಕ್ಸ್‌ಕ್ಯಾಲಿಡ್ರಾ ಎಂಬ ಬಯಲು ಹಲಗೆ ಅನುಕೂಲ. ಪಟ್ಟಿಯನ್ನಷ್ಟೇ ಬರೆದುಕೊಟ್ಟು ಚಿತ್ರವನ್ನು ಯಂತ್ರಕ್ಕೇ ಬಿಡುವ ಮನಸ್ಸುಳ್ಳವರು ಗ್ರಾಫ್‌ವಿಜ್ ಎಂಬುದನ್ನು ಪ್ರಯೋಗಿಸಬಹುದು; ಈಡ್ಸ್‌ನ ಬಳೆ ಸ್ಪ್ರಿಂಗ್‌ಗಳ ತತ್ತ್ವ ಕೆಲಸಮಾಡುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಯಾವುದೂ ಕೈಗೆಟುಕದಿದ್ದರೆ ಹಳೆಯ ಲಗ್ನಪತ್ರಿಕೆಗಳ ಬಿಳಿಯ ಬೆನ್ನನ್ನು ಕತ್ತರಿಸಿ ಮಾಡಿದ ಚೀಟಿಗಳು ಎಂದೂ ಇದ್ದೇ ಇವೆ.

ಒಂದು ಎಚ್ಚರಿಕೆ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮುಖ್ಯ ಸಂಗತಿಯನ್ನು ವಿದ್ಯಾರ್ಥಿಗಳ ಮುಂದಿಡುವುದು ನಮ್ಮ ಕರ್ತವ್ಯ. ನಕ್ಷೆ ಬರೆಯುವುದು ಕಲಿಕೆಗೆ ಸಹಾಯಕವೇ? ೨೦೦೬ರಲ್ಲಿ ನೆಸ್ಬಿಟ್ ಮತ್ತು ಅಡೆಸೊಪೆ ಎಂಬ ವಿದ್ವಾಂಸರು ೫೫ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಸುಮ್ಮನೆ ಓದುವುದು, ಉಪನ್ಯಾಸ ಕೇಳುವುದು ಮೊದಲಾದುವಕ್ಕಿಂತ ನಕ್ಷೆಗಳಿಂದ ಹೆಚ್ಚು ವಿಷಯ ನೆನಪಿನಲ್ಲಿ ಉಳಿಯುವುದೆಂದು ಕಂಡರು. ಆದರೆ ೨೦೧೧ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ಕಾರ್ಪಿಕಿ ಮತ್ತು ಬ್ಲಂಟ್ ಪ್ರಕಟಿಸಿದ ಪ್ರಯೋಗವು ಕಣ್ತೆರೆಸುವಂತಿದೆ. ಒಂದು ಗುಂಪಿನ ವಿದ್ಯಾರ್ಥಿಗಳು ವಿಜ್ಞಾನದ ಪಾಠವನ್ನು ಎದುರಿಗಿಟ್ಟುಕೊಂಡು ಪರಿಕಲ್ಪನಾ ನಕ್ಷೆಯನ್ನು ಬರೆದರು. ಇನ್ನೊಂದು ಗುಂಪಿನವರು ಪಾಠವನ್ನು ಓದಿ, ಮುಚ್ಚಿಟ್ಟು, ನೆನಪಿಗೆ ಬಂದುದನ್ನೆಲ್ಲ ಬರೆದರು. ಮತ್ತೆ ಓದಿ ಮತ್ತೆ ಹಾಗೆಯೇ ಬರೆದರು. ಒಂದು ವಾರದ ತರುವಾಯ ನಡೆದ ಪರೀಕ್ಷೆಯಲ್ಲಿ ಎರಡನೆಯ ಗುಂಪೇ ಮೇಲಾಯಿತು. ಕೊನೆಯ ಪರೀಕ್ಷೆಯೇ ನಕ್ಷೆ ಬರೆಯುವುದಾಗಿದ್ದಾಗಲೂ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಗೆದ್ದರು!

ಇದರಿಂದ ನಕ್ಷೆ ವ್ಯರ್ಥವೆಂದು ತಿಳಿಯಬಾರದು. ಅದೇ ವಿದ್ವಾಂಸರು ೨೦೧೪ರಲ್ಲಿ ಪ್ರಕಟಿಸಿದ ಮುಂದಿನ ಪ್ರಯೋಗದಲ್ಲಿ, ಪುಸ್ತಕವನ್ನು ಮುಚ್ಚಿ ನೆನಪಿನಿಂದಲೇ ನಕ್ಷೆ ಬರೆದವರೂ ನೆನಪಿನಿಂದ ವಾಕ್ಯಗಳನ್ನು ಬರೆದವರಷ್ಟೇ ಚೆನ್ನಾಗಿ ಕಲಿತರು. ಪುಸ್ತಕವನ್ನು ತೆರೆದಿಟ್ಟು ನಕ್ಷೆ ಬಿಡಿಸುವಾಗ ಕೈ ನಕಲು ಮಾಡುತ್ತದೆ, ಮನಸ್ಸು ವಿಶ್ರಮಿಸುತ್ತದೆ. ಮುಚ್ಚಿದಾಗ ಉಗ್ರಾಣದಿಂದ ಒಂದೊಂದನ್ನೂ ಹುಡುಕಿ ತರಬೇಕಾಗುತ್ತದೆ. ಹುಡುಕಿ ತರುವ ಆ ಶ್ರಮವೇ ಕಲಿಕೆಯನ್ನು ಗಟ್ಟಿಮಾಡುತ್ತದೆ. ಯಂತ್ರವನ್ನು ಕೇಳಿದೊಡನೆ ಸಿದ್ಧನಕ್ಷೆಯನ್ನು ಒದಗಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿರುವ ಈ ಕಾಲದಲ್ಲಿ ಈ ಮಾತು ಮತ್ತಷ್ಟು ಮುಖ್ಯವಾಗಿದೆ. ಬೇರೊಬ್ಬರು ಬಿಡಿಸಿಕೊಟ್ಟ ನಕ್ಷೆಯನ್ನು ನಾವು ನೋಡಬಹುದು; ಬಿಡಿಸುವ ಶ್ರಮದಿಂದ ಬರುವ ತಿಳಿವಳಿಕೆ ಮಾತ್ರ ನೋಡಿದ ಮಾತ್ರಕ್ಕೆ ಬಾರದು.

ವಾಚಕರು ಈ ವಾರ ಓದಿದ ಯಾವುದಾದರೂ ಒಂದು ಪಾಠವನ್ನು ಆರಿಸಿಕೊಳ್ಳಲಿ. ಪುಸ್ತಕವನ್ನು ಮುಚ್ಚಿ, ಹತ್ತು ಅಂಶಗಳನ್ನು ಹರಡಿ, ಗೆರೆಗಳನ್ನೆಳೆದು, ಪ್ರತಿಯೊಂದರ ಮೇಲೂ ಸಂಬಂಧದ ಪದವನ್ನು ಬರೆಯಲಿ. ಆಮೇಲೆ ಪುಸ್ತಕವನ್ನು ತೆರೆದು, ಬಿಟ್ಟುಹೋದುದನ್ನೂ ತಪ್ಪಿಹೋದುದನ್ನೂ ಬೇರೆ ಬಣ್ಣದಲ್ಲಿ ತುಂಬಲಿ. ಮುಂದಿನ ವಾರ ಮತ್ತೆ ಬರಿಯ ಹಾಳೆಯಿಂದ ಆರಂಭಿಸಲಿ. ಬೇರೆ ಬಣ್ಣದ ಗೆರೆಗಳು ಕಡಿಮೆಯಾಗುತ್ತ ಬಂದರೆ ಅಭ್ಯಾಸವು ಫಲಿಸುತ್ತಿದೆಯೆಂದು ತಿಳಿಯಬಹುದು.